ಕಿವಿಗೆ ಬೂಚು ಹಾಕಿಕೊಂಡವನ ಜವಾಬು

ಹೋದ ಚಳಿಗಾಲದಲ್ಲಿ ನಮ್ಮ ಬೈಲಹೊಂಗಲ ಸೀಮೆಯ ಒಂದು ಊರ ಜಾತ್ರೆಯಲ್ಲಿ ಹಾಡಿ ವೇದಿಕೆ ಇಳಿಯುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಮೈಕು ಇಸಿದುಕೊಂಡು ನಾಲ್ಕು ಮಾತಾಡಿದರು. ಮೂರು ಮಾತು ಹೊಗಳಿಕೆ. ನಾಲ್ಕನೆಯದು ಇದು: "ಹಾಡು ಚಲೋ ಆತು. ಆದ್ರ ತಮ್ಮಾ, ಕಿವ್ಯಾಗ ಬೂಚ ಹಾಕ್ಕೊಂಡು ಹಾಡಿದ್ರ ಅದಕ್ಕ ಹಾಡು ಅನ್ಬೇಕೋ, ಫೋನಿನ್ಯಾಗ ಮಾತಾಡಿದ್ಹಂಗ ಅನ್ಬೇಕೋ? ನಮ್ಮ ಹಿರ್ಯಾರು ಕಿವಿ ತೆರದು ಹಾಡ್ತಿದ್ರು." ಜನ ಚಪ್ಪಾಳೆ ಹೊಡೆದರು. ನನ್ನ ಹಾಡಿಗೆ ಬಿದ್ದದ್ದಕ್ಕಿಂತ ಜೋರಾದ ಚಪ್ಪಾಳೆ.

ಹಿರಿಯರು ಹೇಳಿದ ಬೂಚು ಎಂದರೆ ನನ್ನ ಇನ್-ಇಯರ್ ಮಾನಿಟರ್. ನನ್ನ ಕಿವಿಯ ಅಚ್ಚು ತೆಗೆದು, ಅದೇ ಆಕಾರಕ್ಕೆ ಎರಕ ಮಾಡಿಸಿದ್ದು. ನನ್ನ ಕಿವಿಗೆ ಮಾತ್ರ ಕೂಡುತ್ತದೆ, ನನ್ನ ತಮ್ಮನ ಕಿವಿಗೂ ಕೂಡುವುದಿಲ್ಲ. ಅದಕ್ಕೆ ನಾನು ಸುರಿದ ದುಡ್ಡಿನಲ್ಲಿ ಒಂದು ಒಳ್ಳೆಯ ಎಮ್ಮೆ ಬರುತ್ತಿತ್ತು ಎಂದು ಮನೆಯಲ್ಲಿ ಇಂದಿಗೂ ಅನ್ನುತ್ತಾರೆ, ಲೆಕ್ಕದಲ್ಲಿ ತಪ್ಪಿಲ್ಲ. ಹಿರಿಯರಿಗೆ ಅಂದು ಎದುರಾಡಲಿಲ್ಲ. ನಮ್ಮ ಕಡೆ ಸವಾಲು ಬಿದ್ದರೆ ಜವಾಬು ಕೊಡದೆ ಮೇಳ ಎದ್ದುಹೋಗಬಾರದು. ಹರದೇಶಿ-ನಾಗೇಶಿ ಕೇಳುತ್ತ ಬೆಳೆದವನು ನಾನು. ಆದ್ದರಿಂದ ಇದು, ತಡವಾದ ಜವಾಬು.

ಮೊದಲು ಹಿರಿಯರ ಮಾತನ್ನೇ ಹಿಡಿಯೋಣ. ನಮ್ಮ ಹಿರಿಯರು ಕಿವಿ ತೆರೆದು ಹಾಡುತ್ತಿದ್ದರೇ? ಗೀಗೀ ಮೇಳ ಕಂಡವರು ಒಮ್ಮೆ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಿ. ದಪ್ಪು ಬಡಿಯುತ್ತಿದೆ, ತುಂತುಣಿ ಮಿಡಿಯುತ್ತಿದೆ, ತಾಳ ಕುಟ್ಟುತ್ತಿದೆ, ಹಿಂದಿನವರು ಗೀಗೀ ಎಂದು ಎಳೆಯುತ್ತಿದ್ದಾರೆ. ಮುಂದೆ ಹಾಡುವವರು ದನಿ ಏರಿಸುವ ಹೊತ್ತಿಗೆ ಅವರ ಒಂದು ಕೈ ಎಲ್ಲಿಗೆ ಹೋಗುತ್ತದೆ? ಕಿವಿಗೆ. ಅಂಗೈಯಿಂದ ಕಿವಿ ಮುಚ್ಚಿಕೊಂಡೇ ಅವರು ಮೇಲಿನ ಸ್ವರ ಮುಟ್ಟುವುದು. ಅದನ್ನು ನಾವು ಠೀವಿ ಅಂದುಕೊಂಡಿದ್ದೇವೆ. ಪೋಸ್ಟರಿನಲ್ಲಿ, ಕ್ಯಾಲೆಂಡರಿನಲ್ಲಿ, ಅಕಾಡೆಮಿಯ ಪುಸ್ತಕದ ರಕ್ಷಾಪುಟದಲ್ಲಿ ಅದೇ ಚಿತ್ರ. ಅದು ಠೀವಿಯಲ್ಲ, ಉಪಾಯ. ಕಿವಿ ಮುಚ್ಚಿದೊಡನೆ ಹೊರಗಿನ ಗದ್ದಲ ತಗ್ಗುತ್ತದೆ, ಎಲುಬಿನ ಮೂಲಕ ಬರುವ ತನ್ನದೇ ದನಿ ಏರುತ್ತದೆ. ನಾನು ಎಲ್ಲಿದ್ದೇನೆ, ಸ್ವರದಲ್ಲಿದ್ದೇನೋ ಜಾರಿದೆನೋ ಎಂದು ಗೊತ್ತಾಗುತ್ತದೆ. ನೀವೂ ಈಗಲೇ ಒಂದು ಕಿವಿಗೆ ಅಂಗೈ ಒತ್ತಿ ಒಂದು ಸಾಲು ಗುನುಗಿ ನೋಡಿ.

ಅಂದರೆ ನಮ್ಮ ಹಿರಿಯರೂ ಬೂಚು ಹಾಕಿಕೊಂಡೇ ಹಾಡುತ್ತಿದ್ದರು. ಅವರ ಬೂಚು ಚರ್ಮದ್ದು, ನನ್ನದು ಅಕ್ರಿಲಿಕ್ಕಿನದು.

ಇನ್ನು ಧಾರವಾಡದ ಕಡೆಯ ಗಾಯಕರ ಬೈಠಕ್ಕು ನೆನೆಯಿರಿ. ತಂಬೂರಿಯವರು ಎಲ್ಲಿ ಕೂಡುತ್ತಾರೆ? ಗಾಯಕನ ಮುಂದಲ್ಲ, ಹಿಂದೆ, ಎರಡೂ ಮಗ್ಗುಲಿಗೆ, ಕಿವಿಯ ನೇರಕ್ಕೆ. ತಂಬೂರಿ ಸಭಿಕರಿಗಾಗಿ ಇರುವುದಕ್ಕಿಂತ ಹಾಡುವವನಿಗಾಗಿ ಇರುವ ವಾದ್ಯ. ಹಾಡುವವನು ಆ ಶ್ರುತಿಯ ಒಳಗೆ ಕೂತಿರುತ್ತಾನೆ. ನಮ್ಮದೇ ನೆಲದ ಸಂಗ್ಯಾ ಬಾಳ್ಯಾ ಸಣ್ಣಾಟ ನೋಡಿದವರಿಗೆ ಹಿಮ್ಮೇಳದ ಕೆಲಸ ಗೊತ್ತು. ಪಾತ್ರಧಾರಿ ಎತ್ತಿದ ಪದವನ್ನು ಅವನ ಬೆನ್ನ ಹಿಂದೆಯೇ ನಿಂತು ಮರಳಿ ಹಾಡಿ, ಅವನು ಜಾರಿದರೆ ಎಳೆದು ತಂದು ನಿಲ್ಲಿಸುವುದು. ತಂಬೂರಿ, ಹಿಮ್ಮೇಳ, ಕಿವಿಯ ಮೇಲಿನ ಅಂಗೈ, ಈ ಮೂರನ್ನೂ ಕೂಡಿಸಿದರೆ ಏನಾಗುತ್ತದೆಯೋ ಅದನ್ನೇ ಇಂಗ್ಲಿಷಿನಲ್ಲಿ ಮಾನಿಟರ್ ಅನ್ನುತ್ತಾರೆ. ಹಾಡುವವನು ತನ್ನನ್ನು ತಾನು ಕೇಳಿಕೊಳ್ಳುವ ವ್ಯವಸ್ಥೆ, ಅಷ್ಟೆ. ಇದು ಪರದೇಶದಿಂದ ಬಂದ ರೋಗವೆಂದು ಯಾರೂ ನನಗೆ ಹೇಳಬೇಡಿ.

ಹಾಗಾದರೆ ಅಂಗೈ ಸಾಲದಾದದ್ದು ಯಾವಾಗ? ಡಾಲ್ಬಿ ಬಂದಾಗ.

ನಮ್ಮ ಬೆಳಗಾವಿ ಸೀಮೆಯಲ್ಲಿ ಡಾಲ್ಬಿ ಎಂದರೆ ಕಂಪನಿಯ ಹೆಸರಲ್ಲ. ಆ ಕಂಪನಿಗೂ ನಮ್ಮ ಡಾಲ್ಬಿಗೂ ಯಾವ ಸಂಬಂಧವೂ ಇಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರುಗಳ ಹೆಸರು ಅದು. ಗಣಪತಿ ಕಳಿಸುವಾಗ, ಮದುವೆಯ ಮೆರವಣಿಗೆಯಲ್ಲಿ, ಪುಢಾರಿಯ ಹುಟ್ಟುಹಬ್ಬಕ್ಕೆ ಅದು ಬೇಕು. ಆ ರುಚಿ ಈಗ ವೇದಿಕೆಗೂ ಬಂದಿದೆ. ರಸಮಂಜರಿ ಇರಲಿ, ಭಜನೆಯ ಪೈಪೋಟಿ ಇರಲಿ, ಸಂಘಟಕರ ಮೊದಲ ಪ್ರಶ್ನೆ "ಬೇಸ್ ಹೆಂಗೈತ್ರೀ?" ಎದೆ ನಡುಗಬೇಕು. ಕಾರ್ಯಕ್ರಮ ಹೇಗಿತ್ತು ಅಂದರೆ "ಎದಿ ಗುದ್ದಿತ್ತು ನೋಡ್ರಿ" ಎನ್ನುವುದು ಈಗ ಮೆಚ್ಚುಗೆಯ ಮಾತು.

ಆ ಗುದ್ದಿನ ಹಿಂದುಗಡೆ ನಿಂತು ಹಾಡುವವನ ಪಾಡು ಕೇಳಿ. ಜನರ ಕಡೆ ಮುಖ ಮಾಡಿದ ಸ್ಪೀಕರಿನ ಹಿಂಬದಿಯಿಂದ ಬರೀ ಗುಂಯ್ ಎಂಬ ಮಬ್ಬು ಸದ್ದು ಬರುತ್ತದೆ. ಅದರಲ್ಲಿ ನನ್ನ ದನಿ ನನಗೆ ಕೇಳುವುದಿಲ್ಲ. ಆದ್ದರಿಂದ ಕಾಲ ಬುಡದಲ್ಲಿ ನನ್ನ ಕಡೆ ಮುಖ ಮಾಡಿದ ಇನ್ನೊಂದು ಸ್ಪೀಕರು ಇಡುತ್ತಾರೆ. ಡ್ರಮ್ಮಿನವನಿಗೂ ಒಂದು, ಕೀಬೋರ್ಡಿನವನಿಗೂ ಒಂದು. ನನ್ನದು ಕೇಳಲಿಲ್ಲವೆಂದು ನಾನು ಏರಿಸಿಕೊಳ್ಳುತ್ತೇನೆ, ಆಗ ಕೀಬೋರ್ಡಿನವನಿಗೆ ಅವನದು ಕೇಳುವುದಿಲ್ಲ, ಅವನು ಏರಿಸಿಕೊಳ್ಳುತ್ತಾನೆ. ಡ್ರಮ್ಮಿನವನಂತೂ ಕೋಲಿನಿಂದಲೇ ಉತ್ತರ ಕೊಡುತ್ತಾನೆ. ಒಂಬತ್ತು ಗಂಟೆಗೆ ಶುರುವಾದ ಈ ಹರಾಜು ಹನ್ನೊಂದರ ಹೊತ್ತಿಗೆ ಕುಂಯ್ ಎಂದು ಮೈಕು ಕೂಗುವಲ್ಲಿಗೆ ಬಂದು ನಿಲ್ಲುತ್ತದೆ. ಈ ನಡುವೆ ಗಂಟಲೂ ಹೋಗುತ್ತದೆ. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಎಟಿಯೆನ್ ಲೊಂಬಾರ್ ಎಂಬ ಕಿವಿಯ ವೈದ್ಯ 1911ರಲ್ಲೇ ಹೇಳಿಟ್ಟಿದ್ದಾನೆ. ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಅದು ಗೊತ್ತು. ಗೊತ್ತಿಲ್ಲದವರು ಸಂಘಟಕರು ಮಾತ್ರ.

ಇಲ್ಲಿ ನನ್ನ ತಂದೆಯ ಕತೆ ಹೇಳಬೇಕು. ಅವರು ಹಾಡಿದವರಲ್ಲ. ರಾಮದುರ್ಗದ ಕಡೆ ನೇಕಾರಿಕೆ ಮಾಡಿದವರು. ಮೊದಲು ಕೈಮಗ್ಗ, ಆಮೇಲೆ ಒಬ್ಬರ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ. ತಗಡಿನ ಮಾಡು, ಆರು ಮಗ್ಗ, ಬೆಳಗಿನಿಂದ ರಾತ್ರಿಯವರೆಗೆ ಖಟಾಖಟ್ ಖಟಾಖಟ್. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಅಪ್ಪನಿಗೆ ಐವತ್ತು ತುಂಬುವಷ್ಟರಲ್ಲಿ ಮಾತು ಅರ್ಧ ಕೇಳತೊಡಗಿತು. ಅರ್ಧ ಎಂದರೆ ಸಣ್ಣಗೆ ಕೇಳುವುದಲ್ಲ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಬಿದ್ದುಹೋಗುತ್ತವೆ. ಒಮ್ಮೆ ಅವ್ವ ಬಾಗಿಲಲ್ಲಿ ನಿಂತು "ಸಾಲ ತೀರ್ತು" ಅಂದಳು. ಹನ್ನೊಂದು ವರ್ಷದ ಸೊಸೈಟಿ ಸಾಲ. ಅಪ್ಪ ತಂಬಿಗೆ ಹಿಡಿದು ಎದ್ದು ಗೌಳಿಗರ ಮನೆಗೆ ಹೋದರು. ಅವರಿಗೆ ಕೇಳಿದ್ದು "ಹಾಲ ತೀರ್ತು". ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ನಗುವಿಗೆ ಕಾರಣ ಅವರಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ.

ಸದ್ದಿನಿಂದಾಗುವ ಕಿವುಡುತನವನ್ನು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿ ಕಸುಬಿನ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ವಿದ್ಯುತ್ ಬಳಸುವ ಶೆಡ್ಡಿನಲ್ಲಿ ಹತ್ತು ಜನ ಕೆಲಸಗಾರರಾದರೂ ಇಲ್ಲದಿದ್ದರೆ ಆ ಕಾಯ್ದೆಗೆ ಅದು ಕಾರ್ಖಾನೆಯೇ ಆಗಿರಲಿಲ್ಲ. ಅಪ್ಪನ ಶೆಡ್ಡಿನಲ್ಲಿ ಇದ್ದದ್ದು ನಾಲ್ಕು ಜನ. ಅವರ ಕಿವಿ ಯಾವ ಪಟ್ಟಿಗೂ ಸೇರಲಿಲ್ಲ.

ನಾನು ಕಿವಿಯ ಪರೀಕ್ಷೆ ಮಾಡಿಸಿದ್ದು ಅಪ್ಪ ತೀರಿಕೊಂಡು ಎರಡು ವರ್ಷದ ಮೇಲೆ. ಇಪ್ಪತ್ತು ವರ್ಷ ವೇದಿಕೆಯ ಮೇಲೆ ಹಾಡಿದ್ದೆ. ರಾತ್ರಿ ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಹೊಲದಲ್ಲಿ ಕೂಗಿದರೆ ಅದು ಮಳೆಗಾಲ, ತಲೆಯೊಳಗೆ ಕೂಗಿದರೆ? ಪರೀಕ್ಷೆಯ ಹಾಳೆಯಲ್ಲಿ ಗೆರೆ ನೆಟ್ಟಗೆ ಬಂದು 4000 ಹರ್ಟ್ಸಿನ ಹತ್ತಿರ ಬಾವಿಗೆ ಇಳಿದಂತೆ ಇಳಿದು, ಮತ್ತೆ ಮೇಲೆ ಹತ್ತಿತ್ತು. ಸದ್ದಿನಿಂದ ಕಿವಿ ಹಾಳಾದವರ ಗೆರೆ ಹೀಗೇ ಇರುತ್ತದಂತೆ. ಪ್ರತಿ ಕಿವಿಯೊಳಗೆ ಸುಮಾರು 15 ಸಾವಿರ ರೋಮಕೋಶಗಳು ಇರುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮನುಷ್ಯ ತಲೆಗೂದಲು ಉದುರಿದರೆ ಎಷ್ಟು ಎಣ್ಣೆ ಹಚ್ಚುತ್ತಾನೆ, ಇದಕ್ಕೆ ಹಚ್ಚಲು ಎಣ್ಣೆಯೂ ಇಲ್ಲ.

ಆಗ ಅಚ್ಚು ಮಾಡಿಸಲು ಹೋದೆ. ನಮ್ಮ ಕಡೆ ಕಿವಿಯ ಅಚ್ಚು ತೆಗೆಯುವವರು ಹಿಯರಿಂಗ್ ಏಡ್ ಕೊಡುವ ಅಂಗಡಿಗಳವರು. ಅಲ್ಲಿದ್ದ ಹುಡುಗ ಕೇಳಿದ ಮೊದಲ ಪ್ರಶ್ನೆ: "ಯಾವ ಕಿವಿ ಕೇಳೂದಿಲ್ರೀ?" ಎರಡೂ ಕೇಳುತ್ತವೆ, ಇನ್ನು ಮುಂದೂ ಕೇಳಲಿ ಎಂದು ಬಂದಿದ್ದೇನೆ ಅಂದೆ. ಅವನು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಕೇಳುವ ಕಿವಿಗೆ ಅಚ್ಚು ತೆಗೆಸಿಕೊಳ್ಳುವ ಗಿರಾಕಿ ಅವನಿಗೆ ನಾನೇ ಮೊದಲನೆಯವ.

ಕೆಲಸ ಕಷ್ಟದ್ದಲ್ಲ. ಮೊದಲು ಬೆಳಕು ಬಿಟ್ಟು ಕಿವಿಯೊಳಗೆ ನೋಡುತ್ತಾರೆ, ಗುಗ್ಗೆ ಇದ್ದರೆ ತೆಗೆಸಿಕೊಂಡು ಬಾ ಅನ್ನುತ್ತಾರೆ. ದಾರ ಕಟ್ಟಿದ ಸಣ್ಣ ಸ್ಪಂಜಿನ ತುಂಡೊಂದನ್ನು ಒಳಗೆ ಕೂಡಿಸುತ್ತಾರೆ, ತಮಟೆಯ ತನಕ ಮಸಾಲೆ ಹೋಗಬಾರದೆಂದು. ಆಮೇಲೆ ಎರಡು ಬಣ್ಣದ ಸಿಲಿಕೋನು ಹಿಟ್ಟನ್ನು ನಾದಿ, ಪಿಚಕಾರಿಯಲ್ಲಿ ತುಂಬಿ ಕಿವಿಗೆ ಹಿಂಡುತ್ತಾರೆ. ಐದು ನಿಮಿಷ ಲೋಕ ದೂರ ಸರಿಯುತ್ತದೆ, ನಿಮ್ಮ ಉಸಿರು ನಿಮಗೇ ಕುಲುಮೆಯ ತಿದಿಯಂತೆ ಕೇಳುತ್ತದೆ. ಗಟ್ಟಿಯಾದ ಮೇಲೆ ತಿರುಗಿಸಿ ಎಳೆಯುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಶಂಖದ ಮರಿಯಂಥದೊಂದು ವಸ್ತು. ನಲವತ್ತು ವರ್ಷ ಹೊತ್ತು ತಿರುಗಿದ ಕಿವಿಯ ಒಳಗು ಹೀಗಿದೆ ಎಂದು ಅಂದೇ ನೋಡಿದ್ದು.

ಆದರೆ ನನ್ನ ಮೊದಲ ಅಚ್ಚು ಕೆಟ್ಟಿತು. ಬಾಯಿ ಮುಚ್ಚಿಸಿ ಅಚ್ಚು ತೆಗೆದಿದ್ದರು. ಬಾಯಿ ತೆರೆದಾಗ ದವಡೆಯ ಎಲುಬು ಸರಿದು ಕಿವಿಯ ನಾಳದ ಆಕಾರವೇ ಬದಲಾಗುತ್ತದೆ. ಕೇಳುತ್ತ ಕೂಡುವವನಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ, ಹಾಡುವವನಿಗೆ ಇದೇ ಎಲ್ಲ. ಮೇಲಿನ ಷಡ್ಜಕ್ಕೆ ಬಾಯಿ ತೆರೆದೊಡನೆ ಬೂಚು ಸಡಿಲಾಗಿ ಕೆಳಗಿನ ನಾದವೆಲ್ಲ ಸೋರಿಹೋಗುತ್ತಿತ್ತು, ಬಾಯಿ ಮುಚ್ಚಿದರೆ ಮರಳಿ ಬರುತ್ತಿತ್ತು. ನಾಲ್ಕು ತಿಂಗಳು ಹಾಗೇ ಹಾಡಿದೆ, ದುಡ್ಡು ಕೊಟ್ಟಿದ್ದೆನಲ್ಲ. ಎರಡನೆಯ ಸಲ ಬೇರೆ ಕಡೆ, ಹಲ್ಲುಗಳ ನಡುವೆ ಕಟ್ಟಿಗೆಯ ತುಂಡು ಕಚ್ಚಿಸಿ, ಬಾಯಿ ತೆರೆಸಿಯೇ ತೆಗೆದರು, ನಾಳದ ಎರಡನೇ ತಿರುವು ದಾಟುವಷ್ಟು ಆಳಕ್ಕೆ. ಇದನ್ನು ಯಾರಾದರೂ ಮೊದಲೇ ಕನ್ನಡದಲ್ಲಿ ಒಂದು ಪುಟ ಬರೆದಿಟ್ಟಿದ್ದರೆ ನನ್ನ ಎಂಟು ಸಾವಿರ ಉಳಿಯುತ್ತಿತ್ತು. ಓದುವವರಲ್ಲಿ ಯಾರಾದರೂ ಹಾಡುವವರಿದ್ದರೆ ಇಷ್ಟು ನೆನಪಿಡಿ: ಅಚ್ಚು ತೆಗೆಯುವಾಗ ಬಾಯಿ ತೆರೆದಿರಲಿ.

ಕೊಳ್ಳುವ ವಿಷಯಕ್ಕೆ ಬಂದರೆ ಇನ್ನೊಂದು ಪಂಗಡದವರ ಜೊತೆಗೂ ನನ್ನ ತಕರಾರಿದೆ. ಇವರು ಹಿರಿಯರ ತದ್ವಿರುದ್ಧ. ಇವರಿಗೆ ಎಲ್ಲವೂ ಡ್ರೈವರಿನ ಎಣಿಕೆ. ಒಂದೊಂದು ಕಿವಿಗೆ ನಾಲ್ಕು ಡ್ರೈವರು, ಎಂಟು, ಹನ್ನೆರಡು! ಡ್ರೈವರೆಂದರೆ ಒಳಗಿನ ಪುಟ್ಟ ಸ್ಪೀಕರು. ಸದ್ದನ್ನು ಮಂದ್ರ-ಮಧ್ಯ-ತಾರ ಎಂದು ಹಂಚಿ ಬೇರೆ ಬೇರೆ ಡ್ರೈವರಿಗೆ ಕೊಟ್ಟು ಮತ್ತೆ ಒಂದೇ ನಾಳದಲ್ಲಿ ಕೂಡಿಸಬೇಕು. ಚೆನ್ನಾಗಿ ಕೂಡಿಸಿದರೆ ನಾಲ್ಕೂ ಒಂದಾಗುತ್ತವೆ, ಕೂಡಿಸಲು ಬಾರದಿದ್ದರೆ ಹನ್ನೆರಡು ಜನ ಅಣ್ಣತಮ್ಮಂದಿರ ಪಾಲಿನ ಜಗಳ. 1991ರಲ್ಲಿ ಅಮೆರಿಕದ ಎಟಿಮೋಟಿಕ್ ಕಂಪನಿ ತಂದ ಇಆರ್-4 ಎಂಬ ಇಯರ್‌ಫೋನಿನಲ್ಲಿ ಕಿವಿಗೆ ಒಂದೇ ಡ್ರೈವರು. ಅದರ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ. ನಮ್ಮಲ್ಲಿ ಕೆಲವರು ಮೂವತ್ತು ಸಾವಿರದಿಂದ ಲಕ್ಷ ದಾಟುವವರೆಗೆ ಸುರಿದು, ಮನೆಯ ಸೋಫಾದ ಮೇಲೆ ಕೂತು, ತಾಳದ ಕಿಣಿ ಹೆಚ್ಚೋ ಕಡಿಮೆಯೋ ಎಂದು ವಾರಗಟ್ಟಲೆ ವಾದಿಸುತ್ತಾರೆ. ಅದು ಅವರ ಹವ್ಯಾಸ, ಮಾಡಿಕೊಳ್ಳಲಿ. ಆದರೆ ಈ ವಸ್ತುವನ್ನು ಶೋಕಿಯ ಸಾಮಾನೆಂದು ಊರವರು ತಿಳಿಯುವುದಕ್ಕೆ ಇವರೂ ಕಾರಣ. ವೇದಿಕೆಯ ಮೇಲಿನವನಿಗೆ ಬೇಕಾದದ್ದು ಬೇರೆ. ಹಾಡುವವನಿಗೆ ಮಧ್ಯದ ನಾದ ಸ್ಪಷ್ಟವಾಗಿರಬೇಕು, ಹಾರ್ಮೋನಿಯಂ ಮತ್ತು ಮನುಷ್ಯನ ದನಿ ಇರುವ ಜಾಗ ಅದು. ಡ್ರಮ್ಮಿನವನಿಗೆ, ತಬಲಾದವನಿಗೆ ಕೆಳಗಿನ ಗುಮುಕಿ ಬೇಕು. ಎಲ್ಲಕ್ಕಿಂತ ಮೊದಲು ಅದು ಕಿವಿಯಲ್ಲಿ ಬಿಗಿಯಾಗಿ ಕೂಡಬೇಕು. ಸೋರುವ ಹನ್ನೆರಡು ಡ್ರೈವರಿಗಿಂತ ಕೂಡುವ ಒಂದು ಮೇಲು.

ಈ ಡ್ರೈವರಿನ ಕುಲ ಯಾವುದು ಗೊತ್ತೇ? ಬ್ಯಾಲೆನ್ಸ್ಡ್ ಆರ್ಮೇಚರ್ ಎಂದು ಕರೆಯುವ ಈ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಯಂತ್ರ ಪಳಗಿದ್ದು ಹಿಯರಿಂಗ್ ಏಡಿನಲ್ಲಿ. ಕಿವುಡರಿಗಾಗಿ ಮಾಡಿದ್ದನ್ನೇ ಆಮೇಲೆ ಸಂಗೀತಗಾರರ ಕಿವಿಗೆ ಹಾಕಿದರು. 1995ರಲ್ಲಿ ವ್ಯಾನ್ ಹ್ಯಾಲೆನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹ್ಯಾಲೆನ್ನಿಗಾಗಿ ಆ ತಂಡದ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ ಮಾಡಿಕೊಟ್ಟದ್ದು ಇಂಥ ಅಚ್ಚಿನ ಮಾನಿಟರ್, ಅಲ್ಲಿಂದ ಅದೊಂದು ದೊಡ್ಡ ಉದ್ಯಮವಾಯಿತು. ಅಂದರೆ ನನ್ನ ಕಿವಿಯ ಬೂಚೂ ಅಪ್ಪನ ಕಿವಿಯ ಹಿಂದೆ ಕೊನೆಕೊನೆಗೆ ಸಿಕ್ಕಿಸಿದ್ದ ಯಂತ್ರವೂ ಒಂದೇ ಮನೆತನದವು. ಒಂದು ಕೇಳದಾದ ಮೇಲೆ ಬರುವುದು, ಇನ್ನೊಂದು ಕೇಳುವಾಗಲೇ ಹಾಕಿಕೊಳ್ಳುವುದು.

ಸರಕಾರದ ಲೆಕ್ಕ ಇಲ್ಲಿ ನೋಡಿ. ಹಿಯರಿಂಗ್ ಏಡಿಗೆ ಜಿಎಸ್‌ಟಿ ಇಲ್ಲ. ಸರಿಯಾದ ತೀರ್ಮಾನ, ಕೈ ಮುಗಿಯುತ್ತೇನೆ. ಇಯರ್‌ಫೋನಿಗೆ 18 ಪರ್ಸೆಂಟು, ನನ್ನ ಅಚ್ಚಿನ ಮಾನಿಟರೂ ಅದರಲ್ಲೇ. ಕಿವಿ ಉಳಿಸಿಕೊಳ್ಳುತ್ತೇನೆ ಅಂದರೆ ತೆರಿಗೆ ಕೊಡು, ಕಳೆದುಕೊಂಡು ಬಾ, ಬಿಟ್ಟುಕೊಡುತ್ತೇವೆ. 2000ದ ಶಬ್ದ ಮಾಲಿನ್ಯ ನಿಯಮಗಳನ್ನೂ ತೆಗೆದು ನೋಡಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬೇಡ, ವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್, ಧ್ವನಿವರ್ಧಕ ಹಚ್ಚಿದ ಜಾಗದ ಎಲ್ಲೆಯಲ್ಲಿ 75 ದಾಟಬಾರದು. ಎಲ್ಲೆಯಲ್ಲಿ! ಅಳತೆ ಮಾಡುವವರು (ಮಾಡಿದರೆ) ಬೇಲಿಯ ಹತ್ತಿರ ನಿಂತು ಮಾಡುತ್ತಾರೆ. ವೇದಿಕೆಯ ಮೇಲೆ ಮೂರು ತಾಸು ನಿಂತವನ ಕಿವಿಯ ಹತ್ತಿರ ಎಷ್ಟಿದೆ ಎಂದು ಕೇಳುವ ಸಾಲು ಅದರಲ್ಲಿಲ್ಲ. ದುಡಿಯುವವರ ಕಿವಿಗೆ ಜಗತ್ತು ಒಪ್ಪಿ ನಡೆಯುವ ಒಂದು ಲೆಕ್ಕ ಇದೆ: 85 ಡೆಸಿಬಲ್ಲಿನಲ್ಲಿ 8 ತಾಸು, ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. 88ಕ್ಕೆ 4 ತಾಸು, 91ಕ್ಕೆ 2, 94ಕ್ಕೆ 1. ಹೀಗೆ ಇಳಿದು 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆಂದೇ ಮಾನದಂಡ ತಂದಿದೆ, ಸರಾಸರಿ 100 ಡೆಸಿಬಲ್ ಮೀರಬಾರದು ಎಂದು. ನಾನು ಫೋನಿನ ಆ್ಯಪಿನಲ್ಲಿ ಒಮ್ಮೆ ಡ್ರಮ್ಮಿನ ಪಕ್ಕ ಅಳೆದೆ, 108 ತೋರಿಸಿತು. ಫೋನಿನ ಅಳತೆ ಪಕ್ಕಾ ಅಲ್ಲ, ಐದಾರು ಕಳೆಯಿರಿ. ಆಗಲೂ ನಮ್ಮ ಇಡೀ ದಿನದ ಪಾಲು ಗಣಪತಿ ಸ್ತುತಿ ಮುಗಿಯುವುದರೊಳಗೆ ಮುಗಿದಿರುತ್ತದೆ.

ಚೆನ್ನಾಗಿ ಕೂತ ಬೂಚು ಹೊರಗಿನ ಸದ್ದನ್ನು 25 ಡೆಸಿಬಲ್ಲಿನಷ್ಟು ತಡೆಯುತ್ತದೆ. ಒಳಗೆ ನನಗೆ ಬೇಕಾದದ್ದು ಮಾತ್ರ, ಬೇಕಾದಷ್ಟು. ಮೊದಲ ಸಲ ಸರಿಯಾಗಿ ಕೂತದ್ದು ಹಾಕಿಕೊಂಡು ಹಾಡಿದ ರಾತ್ರಿ ನನ್ನ ದನಿ ನನಗೆ ಕೇಳಿಸಿತು. ಇಪ್ಪತ್ತು ವರ್ಷ ಹಾಡಿದವನು ಹೀಗೆ ಬರೆಯುತ್ತಿದ್ದೇನೆಂದರೆ ನಗಬೇಡಿ. ತಾರಸ್ಥಾಯಿಯಲ್ಲಿ ನಾನು ಯಾವಾಗಲೂ ಒಂದು ಕೂದಲೆಳೆ ಮೇಲೆ ಹೋಗುತ್ತಿದ್ದೆ, ಅದು ಅಂದು ಗೊತ್ತಾಯಿತು. ಇಪ್ಪತ್ತು ವರ್ಷದಲ್ಲಿ ಯಾರೂ ಹೇಳಿರಲಿಲ್ಲ, ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿರಲಿಕ್ಕಿಲ್ಲ. ಮನೆಗೆ ಬಂದು ಮಲಗಿದಾಗ ಜೀರುಂಡೆ ಇತ್ತು, ಆದರೆ ಕಾರ್ಯಕ್ರಮದ ರಾತ್ರಿಗಳಲ್ಲಿ ಏರುವಷ್ಟು ಏರಿರಲಿಲ್ಲ.

ಹಿರಿಯರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಮೊದಮೊದಲು ಬಾವಿಯೊಳಗೆ ಕೂತು ಹಾಡಿದಂತಾಗುತ್ತದೆ. ಜನ ಸಿಳ್ಳೆ ಹೊಡೆದರೋ ಎದ್ದುಹೋದರೋ ತಿಳಿಯದು. ನಮ್ಮ ಕಡೆಯ ಹಾಡಿಕೆಯಲ್ಲಿ ಕೇಳುವವನ "ಭಲೇ" ಕೂಡ ಹಾಡಿನ ಭಾಗ, ಅದು ಬಿದ್ದ ಜಾಗದಲ್ಲಿ ಸಾಲು ಮರಳಿ ಎತ್ತಬೇಕು. ಅದಕ್ಕೊಂದು ದಾರಿಯಿದೆ: ಜನರ ಕಡೆ ಮುಖ ಮಾಡಿ ಒಂದು ಮೈಕು ಇಟ್ಟು, ಅದರ ಸದ್ದನ್ನು ಸ್ವಲ್ಪವೇ ಕಿವಿಗೆ ಬಿಡುವುದು. ದಾರಿ ಗೊತ್ತಿಲ್ಲದ ಹಾಡುಗಾರರು ಮಾಡುವುದು ಏನು? ಒಂದು ಕಿವಿಯ ಬೂಚು ತೆಗೆದು ಹೆಗಲ ಮೇಲೆ ಇಳಿಬಿಡುತ್ತಾರೆ. ಟೀವಿಯಲ್ಲಿ ನೋಡಲು ಅದು ಚಂದ. ತೆರೆದ ಕಿವಿಗೆ ವೇದಿಕೆಯ ಪೂರ್ತಿ ಗದ್ದಲ, ಅದನ್ನು ಮೀರಲೆಂದು ಮುಚ್ಚಿದ ಕಿವಿಯಲ್ಲಿ ಸದ್ದು ಏರಿಸಬೇಕು. ಎರಡೂ ಕಿವಿ ಒಟ್ಟಿಗೆ ಹಾಳು. ಮತ್ತೆ, ಹಿರಿಯರ ಫೋನಿನ ಹೋಲಿಕೆ ಬಂದದ್ದಕ್ಕೆ ಹೇಳುತ್ತೇನೆ, ಬ್ಲೂಟೂತ್ ಇಯರ್‌ಫೋನು ತೊಟ್ಟು ವೇದಿಕೆ ಹತ್ತುವ ಹುಡುಗರು ಈಗ ಕಾಣುತ್ತಿದ್ದಾರೆ. ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ತಾಳ ಕುಂಟುತ್ತದೆ. ತಂತಿಯದೇ ಬೇಕು, ಇಲ್ಲವೇ ವೇದಿಕೆಗೆಂದೇ ಮಾಡಿದ ವೈರ್‌ಲೆಸ್ ಬೇಕು. ಹತ್ತಾರು ಜನ ಕಟ್ಟೆಯ ಮೇಲೆ ಕೂತು ಹಾಡುವ ಭಜನೆಗೆ ಇದ್ಯಾವುದೂ ಬೇಡ. ಅಲ್ಲಿ ಬೂಚು ಹಾಕಿಕೊಂಡು ಬಂದವನನ್ನು ನಾನೇ ಎಬ್ಬಿಸಿ ಕಳಿಸುತ್ತೇನೆ.

ಆದರೆ ಹಿರಿಯರೇ, ನಿಮ್ಮ ಸಿಟ್ಟು ತಪ್ಪು ಮನೆಯ ಬಾಗಿಲು ಬಡಿಯಿತು. ಅಂದು ನನ್ನ ಹಿಂದೆ ಪೇರಿಸಿದ್ದ ಸ್ಪೀಕರುಗಳ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ. ಅವುಗಳ ಬಾಡಿಗೆ ನಮ್ಮ ಇಡೀ ತಂಡದ ಸಂಭಾವನೆಗಿಂತ ಹೆಚ್ಚಿತ್ತು, ನೀವು ಕಮಿಟಿಯಲ್ಲಿದ್ದಿರಿ, ನಿಮಗೆ ಗೊತ್ತು. ಪರಂಪರೆ ಕೆಟ್ಟದ್ದು ನನ್ನ ಕಿವಿಯ ಗುಲಗಂಜಿಯಷ್ಟರ ಅಕ್ರಿಲಿಕ್ಕಿನಿಂದಲೋ, ನಿಮ್ಮ ಎದೆ ಗುದ್ದುವ ಬೇಸಿನಿಂದಲೋ? ಸವದತ್ತಿಯ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚೌಡಿಕೆ ನುಡಿಸುವವರನ್ನು ಕೇಳಿ. ಒಂಟಿ ತಂತಿಯ ವಾದ್ಯ ಅದು, ಒಂದು ಮಾರು ದೂರದಿಂದ ಕೇಳಬೇಕಾದದ್ದು. ಬದಿಯಲ್ಲಿ ಒಂದು ಡಾಲ್ಬಿ ಹಾದುಹೋದರೆ ಅವರು ನುಡಿಸುವುದು ನಿಲ್ಲಿಸಿ ಕೂಡುತ್ತಾರೆ. ಮೊದಲು ಆ ಡಾಲ್ಬಿ ತಗ್ಗಿಸಿರಿ. ನೀವು ತಗ್ಗಿಸಿದ ದಿನ ನನ್ನ ಬೂಚು ನಾನೇ ತೆಗೆದು ಜೇಬಿಗೆ ಹಾಕುತ್ತೇನೆ, ಬೇಕಾದರೆ ಕಿವಿಗೆ ಅಂಗೈ ಹಚ್ಚಿ ಹಾಡುತ್ತೇನೆ.

ಅಷ್ಟರ ತನಕ ನನ್ನ ಬೇಡಿಕೆಗಳಿವೆ. ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ಕಿತ್ತೂರು ಉತ್ಸವ ನಡೆಯುತ್ತದೆ, ನಮ್ಮ ಸೀಮೆಯ ಅತಿ ದೊಡ್ಡ ವೇದಿಕೆ. 1824ರಲ್ಲಿ ಚೆನ್ನಮ್ಮನ ಸೈನ್ಯ ಗೆದ್ದ ದಿನದ ಹಬ್ಬ. ಸೌಂಡಿನ ಟೆಂಡರು ಬರೆಯುವವರು ಒಂದು ಸಾಲು ಸೇರಿಸಲಿ: ವೇದಿಕೆಯ ಮೇಲಿನ ಸದ್ದು ಇಷ್ಟಕ್ಕಿಂತ ಹೆಚ್ಚಿರಬಾರದು, ಕಲಾವಿದರಿಗೆ ತಂತಿಯ ಮಾನಿಟರಿಗೆ ಜೋಡಣೆ ಇರಬೇಕು. ಬೆಂಗಳೂರಿನಿಂದ ಬರುವ ತಾರೆಯರು ತಮ್ಮ ಬೂಚು ತಾವೇ ತರುತ್ತಾರೆ. ಸಂಜೆ ನಾಲ್ಕಕ್ಕೆ ಖಾಲಿ ಕುರ್ಚಿಗಳ ಮುಂದೆ ಹತ್ತು ನಿಮಿಷ ಸಿಗುವ ನಮ್ಮ ಊರಿನ ದಪ್ಪಿನವನಿಗೆ ಯಾರು ತಂದುಕೊಡುತ್ತಾರೆ? ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ವಾದ್ಯ ಪರಿಕರ ಕೊಳ್ಳಲು ಸಹಾಯಧನ ಕೊಡುವ ಯೋಜನೆ ಇದೆ. ತಬಲಾ ಕೊಡುತ್ತಾರೆ, ಹಾರ್ಮೋನಿಯಂ ಕೊಡುತ್ತಾರೆ. ಕಿವಿ ವಾದ್ಯ ಪರಿಕರವಲ್ಲವೇ? ಲಕ್ಷದ್ದು ಕೊಡಿ ಎನ್ನುತ್ತಿಲ್ಲ. ಸದ್ದನ್ನು ಎಲ್ಲ ಸ್ಥಾಯಿಗಳಲ್ಲೂ ಸಮನಾಗಿ ತಗ್ಗಿಸುವ ಫಿಲ್ಟರಿನ ಇಯರ್‌ಪ್ಲಗ್ಗುಗಳಿವೆ, ಅವು ಹಾಡಿನ ಬಣ್ಣ ಕೆಡಿಸುವುದಿಲ್ಲ. ಎರಡು ಮೂರು ಸಾವಿರಕ್ಕೆ, ಅಚ್ಚಿಲ್ಲದೆ, ರಬ್ಬರಿನ ತುದಿ ಬದಲಿಸಿ ಹಾಕಿಕೊಳ್ಳುವ ತಂತಿಯ ಮಾನಿಟರುಗಳಿವೆ. ತುದಿ ಕಿವಿಗೆ ಸರಿಯಾಗಿ ಕೂತರೆ ನನ್ನದರ ಮುಕ್ಕಾಲು ಕೆಲಸ ಅವೂ ಮಾಡುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥದು ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿಂದ ವರ್ಷಕ್ಕೊಮ್ಮೆ ಒಂದು ತಂಡ ಕಿತ್ತೂರಿಗೂ ಸವದತ್ತಿ ಜಾತ್ರೆಗೂ ಬಂದು ಕಲಾವಿದರ ಕಿವಿ ಪರೀಕ್ಷೆ ಮಾಡಿದರೆ ಯಾವ ಖಜಾನೆಯೂ ಬರಿದಾಗುವುದಿಲ್ಲ. ಬರುವಾಗ ರಾಮದುರ್ಗದ ಶೆಡ್ಡುಗಳ ಹಾದಿಯಲ್ಲೂ ಒಂದು ದಿನ ನಿಲ್ಲಲಿ.

ಐವತ್ತೆಂಟರ ಮೇಲೆ ಕಲಾವಿದರಿಗೆ ಮಾಸಾಶನ ಕೊಡುತ್ತೀರಿ, ಒಳ್ಳೆಯದು. ಆ ಹೊತ್ತಿಗೆ ಮಂಜೂರಾಯಿತೆಂದು ಗುಮಾಸ್ತ ಹೇಳಿದ್ದು ಅವರಿಗೆ ಕೇಳುವಂತಿರಲಿ.

ನಮ್ಮ ತಂಡದಲ್ಲಿ ಈಗ ದಪ್ಪು ಬಾರಿಸುವ ಹುಡುಗನಿಗೆ ಇಪ್ಪತ್ತೆರಡು ವರ್ಷ. ದಪ್ಪು ಅವನ ಎಡಗಿವಿಯಿಂದ ಒಂದು ಗೇಣು ದೂರ ಇರುತ್ತದೆ. ಹೋದ ತಿಂಗಳು ಗಾಡಿಯಲ್ಲಿ ಬರುವಾಗ "ಕಾಕಾ, ಕಾರ್ಯಕ್ರಮ ಆದ ಮ್ಯಾಲೆ ಎಡಗಿವ್ಯಾಗ ಸೀಟಿ ಹೊಡದಂಗ ಆಕ್ಕೈತಿ, ಮುಂಜಾನೆ ಹೋಗ್ತೈತಿ" ಅಂದ. ನನಗೂ ಮೊದಲು ಮುಂಜಾನೆ ಹೋಗುತ್ತಿತ್ತು. ಬರುವ ಸೋಮವಾರ ನನ್ನ ಪರೀಕ್ಷೆ ಇದೆ, ಹುಬ್ಬಳ್ಳಿಯಲ್ಲಿ. ಚೀಟಿಯಲ್ಲಿ ಅವನ ಹೆಸರನ್ನೂ ಬರೆಸಿದ್ದೇನೆ.